ಕೌದಿ ಹೊಲಿಯಲು ಯಾವ ಯಂತ್ರ, ಎಂಥ ಮೇಜು?

ಅಕ್ಕಲಕೋಟ ಸೀಮೆಯ ಹಳ್ಳಿಯೊಂದರಲ್ಲಿ, ಕನ್ನಡ ಶಾಲೆಯ ಏಳನೆಯ ತರಗತಿಯಲ್ಲಿ ಓದುವ ಹುಡುಗಿಯೊಬ್ಬಳ ತಾಯಿ ಬಚತ್ ಗಟದಿಂದ ಸಾಲ ಪಡೆದು ಹೊಲಿಗೆ ಯಂತ್ರವನ್ನು ಕೊಂಡರು. ಊರವರ ಕೌದಿಗಳನ್ನು ಹೊಲಿದುಕೊಟ್ಟು ಮಗಳ ಪ್ರೌಢಶಾಲೆಯ ಖರ್ಚಿಗೆ ನಾಲ್ಕು ಕಾಸು ಕೂಡಿಡಬೇಕೆಂಬುದು ಅವರ ಎಣಿಕೆಯಾಗಿತ್ತು. ಪೇಟೆಯ ಅಂಗಡಿಯವನು ಬೆಳ್ಳಗಿನ, ನೋಡಲು ಚೆಂದವಾದ ಯಂತ್ರವೊಂದನ್ನು ತೋರಿಸಿ, ‘ಅಕ್ಕಾರ, ಇದರಾಗ ಎಲ್ಲಾ ನಮೂನಿ ಹೊಲಿಗಿ ಬರತಾವ ನೋಡ್ರಿ’ ಎಂದನು. ಅವನು ಸುಳ್ಳು ಹೇಳಿರಲಿಲ್ಲ. ಗುಂಡಿಮನೆ, ಅಂಕುಡೊಂಕು ಹೊಲಿಗೆ, ಬಳ್ಳಿ, ಹೂವು ಎಲ್ಲವೂ ಅದರಲ್ಲಿ ಬರುತ್ತಿದ್ದವು. ಕೌದಿ ಮಾತ್ರ ಬರಲಿಲ್ಲ. ಐದು ಪದರ ಹಳೆಯ ಸೀರೆಯನ್ನು ಅದರ ಪಾದದಡಿಗೆ ತುರುಕಿದರೆ ಮೇಲಿನ ಪದರ ಮುಂದಕ್ಕೆ ಸರಿದು ಗುಳ್ಳೆಯೇಳುತ್ತಿತ್ತು. ಮೇಜಿನಿಂದ ಜೋತುಬಿದ್ದ ಬಟ್ಟೆಯ ಭಾರಕ್ಕೆ ಸೂಜಿ ಬಾಗಿ ಮುರಿಯುತ್ತಿತ್ತು. ಅರ್ಧ ತಾಸಿನಲ್ಲಿ ಮೋಟಾರು ಬಿಸಿಯಾಗುತ್ತಿತ್ತು. ಮೂಲೆಯಲ್ಲಿ ಕುಳಿತು ನೋಡುತ್ತಿದ್ದ ಅತ್ತೆ, ‘ಸುಮ್ನ ಸೂಜಿ ದಾರ ತೊಗೊಂಡು ಕೂಡವಾ’ ಎಂದರು. ಯಂತ್ರಕ್ಕೆ ಬಟ್ಟೆ ಮುಚ್ಚಲಾಯಿತು. ಸಾಲದ ಕಂತು ಮಾತ್ರ ತಿಂಗಳು ತಿಂಗಳು ಬರುತ್ತಲೇ ಇತ್ತು.

ಆ ಯಂತ್ರದಲ್ಲಿ ದೋಷವಿರಲಿಲ್ಲ. ಅದು ಬೇರೆ ಕೆಲಸಕ್ಕಾಗಿ ಮಾಡಿದ್ದಾಗಿತ್ತು. ಕುಪ್ಪಸ, ಲಂಗ, ಫ್ರಾಕು ಹೊಲಿಯುವವರು ಯಂತ್ರದಲ್ಲಿ ಕೇಳುವ ಗುಣಗಳೇ ಬೇರೆ, ಕೌದಿ ಹೊಲಿಯುವವರು ಕೇಳಬೇಕಾದ ಗುಣಗಳೇ ಬೇರೆ. ಈ ವ್ಯತ್ಯಾಸವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಏಕೆಂದರೆ ಕೌದಿಗಾಗಿ ಯಂತ್ರ ಬೇಕೆಂದು ಕೇಳುವವರೇ ಕಡಿಮೆ.

ಕೌದಿಯ ಪರಿಚಯವನ್ನು ಈ ಭಾಗದ ಓದುಗರಿಗೆ ಮಾಡಿಕೊಡಬೇಕಾಗಿಲ್ಲ. ಮರಾಠಿ ನೆರೆಯವರು ಗೋಧಡಿ ಎಂದು ಕರೆಯುವುದೂ ಇದನ್ನೇ. ಹಳೆಯ ಸೀರೆ, ಧೋತರಗಳು ಒಳಪದರಗಳಾಗಿ, ಒಂದು ಗಟ್ಟಿಯಾದ ಸೀರೆ ಅಸ್ತರವಾಗಿ, ಬಣ್ಣಬಣ್ಣದ ತುಂಡುಗಳು ಮೇಲ್ಮೈಯಾಗಿ, ಎಲ್ಲವನ್ನೂ ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ಹಿಡಿದಿಡುವ ಕೈಹೊಲಿಗೆ. ಮನೆಮನೆಗೆ ಬಂದು ಕೂಲಿಗೆ ಕೌದಿ ಹೊಲಿದುಕೊಡುವ ಗೊಂದಲಿಗ ಹೆಣ್ಣುಮಕ್ಕಳನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಮಹಿಳೆಯರ ಕೌದಿಗಳು ದೇಶವಿದೇಶಗಳ ಪ್ರದರ್ಶನಗಳಿಗೆ ಹೋಗಿವೆ. ಅವುಗಳಿಗೆ ಬೆಲೆ ಬಂದಿರುವುದು ಕೈಹೊಲಿಗೆಯಿಂದಲೇ ಹೊರತು ಯಂತ್ರದಿಂದಲ್ಲ. ಆದ್ದರಿಂದ ಯಂತ್ರ ಕೊಳ್ಳುವ ಮುನ್ನ ಮನೆಯವರು ಕುಳಿತು ತೀರ್ಮಾನಿಸಬೇಕಾದ ಮೊದಲ ಸಂಗತಿ ಇದು: ಯಂತ್ರವು ತುಂಡುಗಳನ್ನು ಜೋಡಿಸಿದರೆ ಸಾಕೋ, ಅಥವಾ ಎಲ್ಲ ಪದರಗಳನ್ನು ಕೂಡಿಸಿ ಸಾಲು ಹಾಕುವ ಕೆಲಸವನ್ನೂ ಅದೇ ಮಾಡಬೇಕೋ? ತುಂಡು ಜೋಡಿಸುವುದಕ್ಕೆ ಯಾವ ಯಂತ್ರವಾದರೂ ನಡೆಯುತ್ತದೆ. ಕಷ್ಟವಿರುವುದು ಎರಡನೆಯ ಕೆಲಸದಲ್ಲಿ.

ಆ ಕಷ್ಟ ಎಲ್ಲಿದೆಯೆಂಬುದನ್ನು ಅಳತೆಗೋಲಿನಿಂದಲೇ ತಿಳಿಯಬಹುದು. ಯಂತ್ರದ ಬಲಗಡೆ ನೆಟ್ಟಗೆ ನಿಂತ ಕಂಬವಿರುತ್ತದೆ; ಅದರಿಂದ ಎಡಕ್ಕೆ ಚಾಚಿದ ತೋಳಿನ ತುದಿಯಲ್ಲಿ ಸೂಜಿ ಇರುತ್ತದೆ. ಸೂಜಿಗೂ ಕಂಬಕ್ಕೂ ನಡುವಿನ ಅಂತರ ಮನೆಬಳಕೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ 6ರಿಂದ 7 ಅಂಗುಲ. ಹೊಲಿಯುವ ಸಾಲಿನ ಬಲಕ್ಕೆ ಉಳಿದ ಬಟ್ಟೆಯೆಲ್ಲ ಈ ಕಿಂಡಿಯಲ್ಲೇ ಹಿಡಿಯಬೇಕು. 5 ಅಡಿ ಅಗಲದ ಕೌದಿಯ ನಟ್ಟನಡುವೆ ಸಾಲು ಹಾಕುವಾಗ ಬಲಗಡೆಗೆ 30 ಅಂಗುಲ ಬಟ್ಟೆ ಉಳಿಯುತ್ತದೆ. ಅದನ್ನು ಸುರುಳಿ ಸುತ್ತಿ ತೋಳಿನಡಿ ತೂರಿಸಬೇಕು. ದಪ್ಪ ಕೌದಿಯಾದರೆ ಎಷ್ಟು ಬಿಗಿಯಾಗಿ ಸುತ್ತಿದರೂ ಸುರುಳಿ 3 ಅಂಗುಲವಾಗುತ್ತದೆ. ಸಾಮಾನ್ಯ ಕೈಗೆ 4 ಅಥವಾ 5. ಸುರುಳಿ ಹೇಗೋ ತೂರುತ್ತದೆ, ಆದರೆ ಕೈಯಾಡಿಸಲು ಜಾಗ ಉಳಿಯುವುದಿಲ್ಲ. ನೇರ ಸಾಲು ಹೇಗೋ ಸಾಗೀತು. ಮೂಲೆಯಲ್ಲಿ ತಿರುಗಿಸುವುದು, ಚೌಕದೊಳಗೆ ಚೌಕ ಹೊಲಿಯುವುದು ಅಸಾಧ್ಯವೆನಿಸಿಬಿಡುತ್ತದೆ. ಅಂಗಡಿಯವನು ಎಣಿಸಿ ತೋರಿಸುವ ಹೊಲಿಗೆಯ ನಮೂನೆಗಳಿಗಿಂತ ಈ ಒಂದು ಅಂತರವೇ ಕೌದಿಯ ಮಟ್ಟಿಗೆ ಮುಖ್ಯವಾದುದು. ಕೌದಿಗೆ ಬೇಕಾದದ್ದು ಒಂದೇ ಒಂದು ನಮೂನೆ, ನೇರ ಹೊಲಿಗೆ.

ಹಾಗಾದರೆ ಮನೆಯಲ್ಲಿರುವ ಹಳೆಯ ಕರಿಯ ಯಂತ್ರವನ್ನು ಮಾರಿಬಿಡಬೇಕೆ? ಬೇಡ. ತಾಯಿಯ ಮದುವೆಯಲ್ಲಿ ಬಂದ, ಅಜ್ಜಿ ತುಳಿದ, ಕಬ್ಬಿಣದ ಕಾಲುಗಳ ಮೇಲೆ ನಿಂತ ಆ ಯಂತ್ರ ನೇರ ಹೊಲಿಗೆಯಲ್ಲಿ ಯಾವ ಹೊಸ ಯಂತ್ರಕ್ಕೂ ಸೋಲುವುದಿಲ್ಲ. ಅದರ ಮೈ ಎರಕದ ಕಬ್ಬಿಣದ್ದಾದ್ದರಿಂದ ದಪ್ಪ ಬಟ್ಟೆಗೆ ನಡುಗುವುದಿಲ್ಲ. ಕರೆಂಟು ಹೋದ ಹೊತ್ತಿನಲ್ಲೂ ನಡೆಯುತ್ತದೆ. ಈ ಜಾತಿಯ ಯಂತ್ರಗಳು ಬಹುಪಾಲು ಒಂದೇ ಮಾದರಿಯವು. ಲುಧಿಯಾನದ ಕಾರ್ಖಾನೆಗಳಲ್ಲಿ ತಯಾರಾಗುವ ಬಿಡಿಭಾಗಗಳು ಸಣ್ಣ ಪೇಟೆಯಲ್ಲೂ ದೊರೆಯುತ್ತವೆ, ರಿಪೇರಿ ಬಲ್ಲವರೂ ಸಿಗುತ್ತಾರೆ. ಯಂತ್ರನಾಗರಿಕತೆಯನ್ನು ಅಷ್ಟೊಂದು ಖಂಡಿಸಿದ ಗಾಂಧೀಜಿ 1924ರಲ್ಲಿ ಹೊಲಿಗೆ ಯಂತ್ರವೊಂದಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಕೈಯಲ್ಲಿ ಹೊಲಿದು ದಣಿಯುತ್ತಿದ್ದ ಹೆಂಡತಿಯ ಮೇಲಿನ ಮಮತೆಯಿಂದ ಸಿಂಗರ್ ಅದನ್ನು ರೂಪಿಸಿದನೆಂಬುದು ಅವರು ಕೊಟ್ಟ ಕಾರಣ. ಸಿಂಗರನ ಸಂಸಾರದ ಚರಿತ್ರೆ ಬಲ್ಲವರು ಈ ಕಾರಣಕ್ಕೆ ನಕ್ಕಾರು. ಆದರೆ ಮನೆಯ ಹೆಂಗಸಿನ ದಣಿವನ್ನು ಕಳೆಯುವ ಯಂತ್ರವೇ ಒಳ್ಳೆಯ ಯಂತ್ರವೆಂಬ ಅವರ ಅಳತೆಗೋಲು ಈಗಲೂ ಸರಿಯಾಗಿಯೇ ಇದೆ.

ಕರಿಯ ಯಂತ್ರದ ಕಿಂಡಿ ಚಿಕ್ಕದೆಂಬುದು ನಿಜ. ಅದಕ್ಕೆ ಉಪಾಯವಿದೆ: ಕೌದಿಯನ್ನು ಇಡಿಯಾಗಿ ಹೊಲಿಯದೆ ಪಟ್ಟಿಗಳಾಗಿ ಹೊಲಿಯುವುದು. 5 ಅಡಿ ಅಗಲವನ್ನು 20 ಅಂಗುಲದ ಮೂರು ಪಟ್ಟಿಗಳಾಗಿ ವಿಭಾಗಿಸಿ, ಒಂದೊಂದು ಪಟ್ಟಿಗೂ ಮೇಲ್ಮೈ, ಒಳಪದರ, ಅಸ್ತರ ಮೂರನ್ನೂ ಕೂಡಿಸಿ ಸಾಲು ಹಾಕಿದರೆ, ಕಿಂಡಿಯೊಳಗೆ ಸೇರಬೇಕಾದ ಬಟ್ಟೆ ಹೆಚ್ಚೆಂದರೆ 10 ಅಂಗುಲ. ಜೋಡಿಸುವ ಅಂಚಿನಲ್ಲಿ ಎರಡು ಬೆರಳಿನಷ್ಟು ಅಗಲವನ್ನು ಸಾಲು ಹಾಕದೆ ಬಿಟ್ಟಿರಬೇಕು. ಮೂರೂ ಪಟ್ಟಿ ಮುಗಿದ ಮೇಲೆ ಮೇಲ್ಮೈಗೆ ಮೇಲ್ಮೈ ತಾಗಿಸಿ ಯಂತ್ರದಲ್ಲಿ ಉದ್ದ ಹೊಲಿಗೆ ಹಾಕಿ, ಒಳಪದರಗಳನ್ನು ಒಂದರ ಪಕ್ಕ ಒಂದು ಬರುವಂತೆ ಕತ್ತರಿಸಿ, ಹಿಂಬದಿಯ ಅಸ್ತರವನ್ನು ಮಡಚಿ ಕೈಯಲ್ಲಿ ಹೊಲಿಯಬೇಕು. ಕೈಕೆಲಸ ಒಂದಿಷ್ಟು ಉಳಿಯಿತೆಂಬುದು ನಿಜ. ಆದರೆ ಹೊಸ ಯಂತ್ರದ ಸಾಲ ಉಳಿಯಿತಲ್ಲ.

ತಿಂಗಳಿಗೆ ಒಂದೆರಡು ಕೌದಿ ಹೊಲಿಯುವ ಮನೆಗೆ ಇಷ್ಟು ಧಾರಾಳ ಸಾಕು. ವಾರಕ್ಕೆ ಹಲವು ಕೌದಿಗಳ ಬೇಡಿಕೆ ನಿಜವಾಗಿಯೂ ಇದ್ದವರು ಮಾತ್ರ ಕಾರ್ಖಾನೆಯ ಒಂಟಿಸೂಜಿ ಯಂತ್ರದ ಕಡೆಗೆ ನೋಡಬಹುದು. ಅದರ ತೋಳಿನೊಳಗಿನ ಅಂತರ 10 ಅಂಗುಲಕ್ಕೂ ಮಿಕ್ಕಿರುತ್ತದೆ. ಪಾದವನ್ನು ಮೊಣಕಾಲಿನ ಸನ್ನೆಯಿಂದ ಅರ್ಧ ಅಂಗುಲದವರೆಗೆ ಎತ್ತಬಹುದು. ಎರಡೂ ಕೈಗಳು ಬಟ್ಟೆಯ ಮೇಲೆಯೇ ಉಳಿಯುತ್ತವೆ. ದಪ್ಪ ಕೌದಿಯೊಡನೆ ಗುದ್ದಾಡಿದವರಿಗೆ ಇದರ ಸುಖ ಗೊತ್ತಾಗುತ್ತದೆ. ಸೋಲಾಪುರ ಚಾದರಗಳಿಗೆ ಮಾತ್ರವಲ್ಲ, ಶಾಲಾ ಸಮವಸ್ತ್ರ ಹೊಲಿಯುವ ಉದ್ಯಮಕ್ಕೂ ಹೆಸರಾದ ಊರು. ಆದಕಾರಣ ಇಂಥ ಯಂತ್ರಗಳು, ಅವುಗಳ ಕೆಲಸ ಬಲ್ಲ ಮಿಸ್ತ್ರಿಗಳು, ಕೈಬದಲಾದ ಹಳೆಯ ಯಂತ್ರಗಳು ಅಲ್ಲಿ ದೊರೆಯುತ್ತವೆ.

ಈ ಯಂತ್ರ ಕೊಳ್ಳುವವರು ಮೋಟಾರಿನ ವಿಷಯದಲ್ಲಿ ಎಚ್ಚರವಾಗಿರಬೇಕು. ಹಳೆಯ ಕ್ಲಚ್ ಮೋಟಾರು ಸ್ವಿಚ್ಚು ಹಾಕಿದ ಕ್ಷಣದಿಂದ ಆರಿಸುವವರೆಗೆ ತಿರುಗುತ್ತಲೇ ಇರುತ್ತದೆ. ಹೊಲಿಯದೆ ಕುಳಿತಾಗಲೂ ವಿದ್ಯುತ್ತು ತಿನ್ನುತ್ತದೆ, ಸದ್ದು ಮಾಡುತ್ತದೆ. ಸರ್ವೋ ಮೋಟಾರು ಪೆಡಲನ್ನು ಒತ್ತಿದಾಗ ಮಾತ್ರ ತಿರುಗುತ್ತದೆ, ಮತ್ತು ಅದರ ವೇಗವನ್ನು ಮಿತಿಗೊಳಿಸಿ ಇಡಬಹುದು. ಕಾರ್ಖಾನೆಯ ಯಂತ್ರ ನಿಮಿಷಕ್ಕೆ 4,000-5,000 ಹೊಲಿಗೆ ಹಾಕಬಲ್ಲದು. ಮನೆಯಲ್ಲಿ ಅಷ್ಟು ವೇಗ ಯಾರಿಗೂ ಬೇಕಿಲ್ಲ, ಬೆರಳಿಗೆ ಅಪಾಯವೂ ಹೌದು. ಮೊದಲ ತಿಂಗಳು ವೇಗವನ್ನು ಕನಿಷ್ಠಕ್ಕೆ ಇಳಿಸಿಯೇ ಹೊಲಿಯಬೇಕು. ಮೂರು ಕಡ್ಡಿಯ ಪ್ಲಗ್ಗು, ಸರಿಯಾದ ಅರ್ಥಿಂಗು ಇಲ್ಲದ ಮನೆಯಲ್ಲಿ ಮೊದಲು ಅದನ್ನು ಸರಿಪಡಿಸಿ, ಆಮೇಲೆ ಯಂತ್ರ ತರುವುದು ಒಳಿತು. ದಿನಕ್ಕೆ ಹಲವು ತಾಸು ಕರೆಂಟಿಲ್ಲದ ಊರಿನಲ್ಲಿ ಈ ಯಂತ್ರ ಬರಿಯ ಅಲಂಕಾರವಾದೀತು.

ಇನ್ನೊಂದು ಸಣ್ಣ ಸಂಗತಿ ಬಹಳ ಜನರ ನಿದ್ದೆ ಕೆಡಿಸಿದೆ: ಸೂಜಿ. ಮನೆಬಳಕೆಯ ಯಂತ್ರದ ಸೂಜಿಯ ಬುಡದ ಒಂದು ಮಗ್ಗುಲು ಚಪ್ಪಟೆಯಾಗಿರುತ್ತದೆ. ಪೊಟ್ಟಣದ ಮೇಲೆ ಎಚ್.ಎ.×1 ಎಂಬ ಗುರುತು. ಕಾರ್ಖಾನೆಯ ಒಂಟಿಸೂಜಿ ಯಂತ್ರದ ಸೂಜಿಯ ಬುಡ ಗುಂಡಗಿರುತ್ತದೆ, ಗುರುತು ಡಿ.ಬಿ.×1. ಒಂದಕ್ಕೆ ಇನ್ನೊಂದನ್ನು ಹಾಕಿದರೆ ಹೊಲಿಗೆ ತಪ್ಪುತ್ತದೆ, ಮತ್ತು ಯಂತ್ರವೇ ಕೆಟ್ಟಿದೆಯೆಂದು ಮಿಸ್ತ್ರಿಗೆ ಹಣ ತೆರಬೇಕಾಗುತ್ತದೆ. ಕೌದಿಗೆ 16ನೆಯ ನಂಬರು, ಬಹಳ ದಪ್ಪವಾದರೆ 18ನೆಯ ನಂಬರು ಸರಿಹೋಗುತ್ತದೆ. ಹೊಲಿಗೆ ಅಂಗುಲಕ್ಕೆ 8ರಷ್ಟಿದ್ದರೆ ಸಾಕು. ಅದಕ್ಕಿಂತ ಒತ್ತಾದರೆ ಹಳೆಯ ಸೀರೆ ಹೊಲಿಗೆಯ ಸಾಲಿನಲ್ಲಿಯೇ ಹರಿಯುತ್ತದೆ.

ಪದರಗಳು ಸರಿಯುವುದಕ್ಕೆ ಔಷಧಿ ಯಂತ್ರದಲ್ಲಿಲ್ಲ, ಅದಕ್ಕೆ ಮೊದಲಿನ ಸಿದ್ಧತೆಯಲ್ಲಿದೆ. ಕೆಳಗಿನ ಹಲ್ಲುಗಳು ಕೆಳಪದರವನ್ನು ಎಳೆಯುತ್ತವೆ, ಮೇಲಿನ ಪಾದ ಮೇಲ್ಪದರವನ್ನು ತಡೆಯುತ್ತದೆ, ಗುಳ್ಳೆಯೇಳುವುದು ಇದರಿಂದಲೇ. ಮೇಲೆ ಕೆಳಗೆ ಒಟ್ಟಿಗೆ ಎಳೆಯುವ ‘ವಾಕಿಂಗ್ ಫೂಟ್’ ಎಂಬ ಪಾದವೊಂದು ಮಾರಾಟಕ್ಕಿದೆ, ಉಪಯುಕ್ತವೂ ಹೌದು. ಆದರೆ ಅದನ್ನು ಕೊಳ್ಳುವಾಗ ತಮ್ಮ ಯಂತ್ರಕ್ಕೆ ಹೊಂದುತ್ತದೆಯೇ ಎಂದು ಹಾಕಿ ನೋಡಿಯೇ ತರಬೇಕು. ಅದಿಲ್ಲದೆಯೂ ಅಜ್ಜಿಯಂದಿರ ಕ್ರಮ ನಡೆಯುತ್ತದೆ. ನೆಲದ ಮೇಲೆ ಅಸ್ತರವನ್ನು ಬಿಗಿಯಾಗಿ ಹಾಸಿ, ಒಳಪದರಗಳನ್ನು ನಡುವಿನಿಂದ ಅಂಚಿಗೆ ಸವರಿ, ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಯಂತ್ರಕ್ಕೆ ಕೊಡುವುದು. ಈ ಹಂತಕ್ಕೆ ಅರ್ಧ ದಿನ ಹಿಡಿದರೂ ಬೇಸರಿಸಬಾರದು. ಯಂತ್ರದಲ್ಲಿ ಹೊಲಿದ ಕೌದಿ ಕೆಟ್ಟಿದೆಯೆಂದು ಜನ ದೂರುವುದು ಬಹುಮಟ್ಟಿಗೆ ಈ ಅರ್ಧ ದಿನವನ್ನು ಉಳಿಸಲು ಹೋದವರ ಕೌದಿಗಳನ್ನು ನೋಡಿ.

ಬಟ್ಟೆಯ ಬಗೆಗೂ ಒಂದು ಮಾತು. ಸಮವಸ್ತ್ರದ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ತುಂಡುಗಳು ಅಗ್ಗವಾಗಿ ಸಿಗುತ್ತವೆಂದು ಅದರಿಂದಲೇ ಇಡೀ ಕೌದಿ ಹೊಲಿಯುವವರಿದ್ದಾರೆ. ಟೆರಿಕಾಟು ಬಾಳಿಕೆಗೆ ಬರುತ್ತದೆ, ಆದರೆ ಬೆವರನ್ನು ಹೀರುವುದಿಲ್ಲ; ಸೋಲಾಪುರದ ಬೇಸಿಗೆಯಲ್ಲಿ ಅದನ್ನು ಹೊದ್ದು ಮಲಗುವುದು ಶಿಕ್ಷೆಯೇ ಸರಿ. ಮೇಲ್ಮೈಯ ಅಲಂಕಾರಕ್ಕೆ ಅದನ್ನು ಬಳಸಿ, ಮೈಗೆ ತಾಗುವ ಅಸ್ತರಕ್ಕೆ ಹತ್ತಿಯ ಹಳೆಯ ಸೀರೆಯನ್ನೇ ಇಟ್ಟುಕೊಳ್ಳಬೇಕು. ಹಳೆಯ ಬಟ್ಟೆ ನೂಲಿನ ಧೂಳನ್ನು ಬಹಳ ಉದುರಿಸುತ್ತದೆ. ಪ್ರತಿ ಕೌದಿಯ ಬಳಿಕ ಬಾಬಿನ್ನಿನ ಮನೆಯನ್ನು ಬಿಚ್ಚಿ ಕುಂಚದಿಂದ ಗುಡಿಸಿ ಎರಡು ಹನಿ ಎಣ್ಣೆ ಬಿಡದಿದ್ದರೆ ಎಂಥ ಯಂತ್ರವೂ ಮುನಿಯುತ್ತದೆ.

ಇನ್ನು ಮೇಜು. ಯಂತ್ರಕ್ಕೆ ಹಣ ಹುಡುಕುವವರು ಮೇಜನ್ನು ಮರೆಯುತ್ತಾರೆ. ನಿಜ ಹೇಳಬೇಕೆಂದರೆ ಅಕ್ಕಲಕೋಟ ಸೀಮೆಯ ಆ ತಾಯಿಯ ಸೂಜಿಗಳನ್ನು ಮುರಿದದ್ದು ಅರ್ಧಕ್ಕರ್ಧ ಮೇಜೇ. ಕೌದಿ ಹಲವು ಕಿಲೋ ಭಾರದ ವಸ್ತು. ಅದರ ಒಂದು ತುದಿ ಮೇಜಿನಿಂದ ಜೋತುಬಿದ್ದರೆ ಆ ಭಾರವೆಲ್ಲ ಸೂಜಿಯ ಮೇಲೆ ಬೀಳುತ್ತದೆ. ಹೊಲಿಗೆ ಸೊಟ್ಟಗಾಗುತ್ತದೆ, ಹೊಲಿಯುವವರ ಹೆಗಲು ನೋಯುತ್ತದೆ. ಆದ್ದರಿಂದ ಮೇಜಿನಲ್ಲಿ ನೋಡಬೇಕಾದುದು ಎರಡೇ. ಯಂತ್ರದ ತಳದ ಹಾಸು ಮೇಜಿನ ಮಟ್ಟಕ್ಕೆ ಸಮನಾಗಿ ಕೂಡಬೇಕು. ಮತ್ತು ಯಂತ್ರದ ಎಡಕ್ಕೂ ಹಿಂದಕ್ಕೂ ಕೌದಿ ಒರಗಲು ಜಾಗವಿರಬೇಕು.

ಕಬ್ಬಿಣದ ಕಾಲಿನ ಹಳೆಯ ಯಂತ್ರಗಳ ಮೇಜು ಮೊದಲಿನ ಗುಣವನ್ನು ಹುಟ್ಟಿನಿಂದಲೇ ಪಡೆದಿದೆ. ಯಂತ್ರ ಹಲಗೆಯೊಳಗೆ ಇಳಿದು ಕುಳಿತಿರುತ್ತದೆ. ಅದಕ್ಕೆ ಎಡಗಡೆಯ ಹಲಗೆಯೊಂದು ಸೇರಿದರೆ ಸಾಕು. ಊರಿನ ಬಡಿಗರಿಂದ 18 ಅಥವಾ 19 ಮಿಲಿಮೀಟರ್ ದಪ್ಪದ ಪ್ಲೈವುಡ್ಡನ್ನು 3 ಅಡಿ ಉದ್ದ, 2 ಅಡಿ ಅಗಲಕ್ಕೆ ಕತ್ತರಿಸಿ, ತಿರುಗಣಿಯಿಂದ ಮೇಜಿಗೆ ಜೋಡಿಸಿ, ಅಡಿಗೆ ಮಡಚುವ ಕಾಲು ಕೊಡಿಸಬಹುದು. ಮೇಲೆ ಸನ್‌ಮೈಕಾ ಅಂಟಿಸಿದರೆ ಬಟ್ಟೆ ಸರಾಗವಾಗಿ ಜಾರುತ್ತದೆ. ಹೊಸದಾಗಿ ಮೇಜನ್ನೇ ಮಾಡಿಸುವವರು ಯಂತ್ರದ ತಳವನ್ನು ಬಡಿಗರ ಮುಂದೆಯೇ ಅಳೆಯಬೇಕು. ಕರಿಯ ಯಂತ್ರದ ತಳ ಸಾಮಾನ್ಯವಾಗಿ ಹದಿನಾಲ್ಕೂವರೆ ಅಂಗುಲ ಉದ್ದ, 7 ಅಂಗುಲ ಅಗಲವಿರುತ್ತದೆ. ಹಾಗೆಂದು ಅಳೆಯದೆ ಕೊರೆಯಬಾರದು. ಕಾರ್ಖಾನೆಯ ಯಂತ್ರ ತನ್ನದೇ ಮೇಜಿನೊಡನೆ ಬರುತ್ತದೆ, ಸುಮಾರು 4 ಅಡಿ ಉದ್ದ, 20 ಅಂಗುಲ ಅಗಲ. ಉದ್ದ ಸಾಕು, ಹಿಂದಿನ ಜಾಗ ಸಾಲದು.

ಇದಾವುದಕ್ಕೂ ಹಣವಿಲ್ಲದವರಿಗೂ ದಾರಿಯಿದೆ. ಮೇಜನ್ನು ಕೋಣೆಯ ಮೂಲೆಗೆ ತಳ್ಳಿ, ಹಿಂದೆಯೂ ಎಡಕ್ಕೂ ಗೋಡೆ ಬರುವಂತೆ ಇಟ್ಟರೆ ಕೌದಿ ಕೆಳಗೆ ಜಾರುವುದಿಲ್ಲ. ಮೇಜು ಚಿಕ್ಕದಾದರೆ ಎಡಕ್ಕೆ ಮಂಚವನ್ನೆಳೆದು, ಅದರ ಮೇಲೆ ಟ್ರಂಕನ್ನಿಟ್ಟು ಮೇಜಿನ ಎತ್ತರಕ್ಕೆ ತಂದರೆ ಅದೂ ಮೇಜೇ. ಮೇಲೆ ಕೂಡಿಸಿದ ಚಿಕ್ಕ ಯಂತ್ರವಾದರೆ ಅದರ ತಳದ ಎತ್ತರಕ್ಕೆ ಸರಿಯಾಗಿ ಎಡಗಡೆ ಹಲಗೆಯೊಂದನ್ನು ಪೇರಿಸಬೇಕು. ಎತ್ತರ ನೆಲದಿಂದ 28ರಿಂದ 30 ಅಂಗುಲವಿದ್ದು, ಕುಳಿತಾಗ ಮೊಣಕೈ ಮೇಜಿನ ಮಟ್ಟಕ್ಕೆ ಬಂದರೆ ಬೆನ್ನು ಉಳಿಯುತ್ತದೆ. ಬೆಳಕು ಎಡಗಡೆಯಿಂದ ಬಂದರೆ ಒಳ್ಳೆಯದು.

ಎರಡು ಕೋಣೆಯ ಮನೆಯಲ್ಲಿ ಈ ಮೇಜೇ ಮಕ್ಕಳ ಓದಿನ ಮೇಜೂ ಆಗುತ್ತದೆಂಬುದನ್ನು ಮರೆಯಲಾಗದು. ಯಂತ್ರ ಒಳಕ್ಕೆ ಮಡಚಿ ಮೇಲೆ ಹಲಗೆ ಮುಚ್ಚುವಂಥ ಮೇಜು ಇಂಥ ಮನೆಗೆ ಹೇಳಿ ಮಾಡಿಸಿದ್ದು. ಹಾಗಲ್ಲದಿದ್ದರೆ ಹೊಲಿಗೆ ಮುಗಿದೊಡನೆ ಸೂಜಿಯನ್ನು ಬಿಚ್ಚಿಡುವುದು, ಪ್ಲಗ್ಗನ್ನು ಕೀಳುವುದು, ಗುಂಡುಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕುವುದು ರೂಢಿಯಾಗಬೇಕು.

ಕೊಳ್ಳುವ ದಿನ ಅಂಗಡಿಗೆ ಬರಿಗೈಯಲ್ಲಿ ಹೋಗಬಾರದು. ಮನೆಯ ಹಳೆಯ ಕೌದಿಯೊಂದನ್ನು ಹೆಗಲಿಗೆ ಹಾಕಿಕೊಂಡೇ ಹೋಗಿ, ಅದರ ಮೇಲೆ ಎರಡು ಸಾಲು ಹೊಲಿದು ತೋರಿಸೆಂದು ಕೇಳಬೇಕು. ಅಂಗಡಿಯವನು ತೆಳುವಾದ ಎರಡು ಪದರದ ತುಂಡಿನ ಮೇಲೆ ತೋರಿಸುವ ಹೊಲಿಗೆ ಎಂಥ ಯಂತ್ರದಲ್ಲೂ ಚೆನ್ನಾಗಿಯೇ ಬರುತ್ತದೆ. ಕೌದಿಯನ್ನು ನೋಡಿ ಅವನು ಮುಖ ಸಿಂಡರಿಸಿದರೆ ಉತ್ತರ ಅಲ್ಲಿಗೇ ಸಿಕ್ಕಿತು.

ಮುಂದಿನದು ಕಾಗದದ ವಿಷಯ. ಬಿಲ್ಲು ಮರಾಠಿಯಲ್ಲಿ, ಗ್ಯಾರಂಟಿ ಚೀಟಿ ಇಂಗ್ಲಿಷಿನಲ್ಲಿ ಇರುವುದರಿಂದ ನಮ್ಮ ಮನೆಗಳಲ್ಲಿ ಎರಡನ್ನೂ ಓದದೆ ಮಡಚಿಡುವ ರೂಢಿಯಿದೆ. ಬಿಲ್ಲಿನಲ್ಲಿ ಯಂತ್ರದ ಮಾದರಿ, ಅದರ ಮೈಮೇಲಿನ ನಂಬರು, ಮೋಟಾರು, ಮೇಜು ಎಲ್ಲವೂ ಬೇರೆಬೇರೆಯಾಗಿ ನಮೂದಾಗಿರಬೇಕು. ‘ಮಾರಿದ ಮಾಲು ವಾಪಸಿಲ್ಲ’ ಎಂದು ಬಿಲ್ಲಿನ ಅಡಿಯಲ್ಲಿ ಅಚ್ಚಾದ ಮಾತ್ರಕ್ಕೆ ದೋಷಯುಕ್ತ ಮಾಲನ್ನು ಹಿಂದಕ್ಕೆ ಪಡೆಯುವ ಹೊಣೆಯಿಂದ ಅಂಗಡಿ ಪಾರಾಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ, ದೋಷವಿರುವ ವಸ್ತುವನ್ನು ಹಿಂದಕ್ಕೆ ತೆಗೆದುಕೊಳ್ಳಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಹಾಗೆಯೇ. ಆದರೆ ತಪ್ಪಾಗಿ ಆರಿಸಿ ತಂದ ಯಂತ್ರ ದೋಷಯುಕ್ತ ಯಂತ್ರವಲ್ಲ. ಅದಕ್ಕೆ ಕಾನೂನಿನಲ್ಲಿ ಸುಲಭ ಪರಿಹಾರವಿಲ್ಲ. ಹೊಲಿದು ನೋಡದೆ ಕೊಳ್ಳಬಾರದೆಂದು ಹೇಳಿದ್ದು ಈ ಕಾರಣಕ್ಕೆ.

ದುಡಿಮೆಗಾಗಿ ಕೊಂಡ ಯಂತ್ರಕ್ಕೆ ಗ್ರಾಹಕ ಕಾಯ್ದೆ ಅನ್ವಯಿಸದೆಂದು ಹೆದರಿಸುವ ವ್ಯಾಪಾರಿಗಳುಂಟು. ವಾಣಿಜ್ಯ ಉದ್ದೇಶಕ್ಕೆ ಕೊಂಡ ವಸ್ತುಗಳನ್ನು ಕಾಯ್ದೆ ಹೊರಗಿಟ್ಟಿದೆಯೆಂಬುದು ನಿಜ. ಆದರೆ ಸ್ವಂತ ಉದ್ಯೋಗದಿಂದ ಜೀವನ ಸಾಗಿಸುವುದಕ್ಕೆಂದೇ ಕೊಂಡು ಬಳಸುವ ವಸ್ತು ವಾಣಿಜ್ಯ ಉದ್ದೇಶದ್ದಲ್ಲವೆಂದು ಅದೇ ಕಲಮಿನ ವಿವರಣೆ ಸ್ಪಷ್ಟವಾಗಿ ಹೇಳುತ್ತದೆ. ಮನೆಯಲ್ಲಿ ಕುಳಿತು ತಾನೇ ಕೌದಿ ಹೊಲಿಯುವ ತಾಯಿ ಗ್ರಾಹಕಳೇ. ಅವಳು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಅಕ್ಕಲಕೋಟದವರಿಗೆ ಸೋಲಾಪುರ, ಜತ್ತದವರಿಗೆ ಸಾಂಗಲಿ. ಯಂತ್ರ ತಯಾರಿಸಿದ ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಉಂಟಾದ 2 ವರ್ಷಗಳೊಳಗೆ ಸಲ್ಲಿಸಬೇಕು. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ದೂರು ದಾಖಲಿಸುವುದು ಒಳ್ಳೆಯದು. ಎಷ್ಟೋ ತಕರಾರುಗಳು ಅಲ್ಲಿಯೇ ತೀರುತ್ತವೆ. ಖಾಸಗಿ ವ್ಯಕ್ತಿಯಿಂದ ಹಳೆಯ ಯಂತ್ರ ಕೊಳ್ಳುವವರಿಗೆ ಈ ರಕ್ಷಣೆಯ ಭರವಸೆಯಿಲ್ಲ. ಅಂಥವರು ಯಂತ್ರದ ನಂಬರು, ಕೊಟ್ಟ ಹಣ, ತಾರೀಖು ಬರೆಸಿ ಸಹಿ ಪಡೆದಿರಬೇಕು. ಕಳುವಿನ ಮಾಲೆಂಬ ಆಪಾದನೆ ಬಂದಾಗಲೂ ಆ ಚೀಟಿಯೇ ಆಧಾರ.

ಹಣದ ನೆರವಿನ ಮಾತೂ ಇದೆ. ಕೇಂದ್ರ ಸರಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಸೇರಿದೆ. ತರಬೇತಿಯ ದಿನಗಳಿಗೆ 500 ರೂಪಾಯಿಯ ಭತ್ಯೆ, ಸಲಕರಣೆಗೆ 15,000 ರೂಪಾಯಿಯವರೆಗೆ ನೆರವು, ಆಮೇಲೆ ಶೇಕಡಾ 5ರ ಬಡ್ಡಿಯಲ್ಲಿ ಮೊದಲ ಕಂತಾಗಿ 1 ಲಕ್ಷದವರೆಗೆ ಸಾಲ. ಕುಟುಂಬಕ್ಕೊಬ್ಬರಿಗೆ ಮಾತ್ರ. ನೋಂದಣಿಯ ಸದ್ಯದ ಸ್ಥಿತಿಯನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಬೇಕು. ಮೊಬೈಲಿಗೆ ಬರುವ ‘ಎಲ್ಲ ಮಹಿಳೆಯರಿಗೂ ಉಚಿತ ಹೊಲಿಗೆ ಯಂತ್ರ’ ಎಂಬ ಸಂದೇಶವನ್ನು ಒತ್ತಿ ಬ್ಯಾಂಕಿನ ವಿವರ ತುಂಬಬಾರದು. ಅಂಥ ಯೋಜನೆಯೇ ಇಲ್ಲವೆಂದು ಸರಕಾರದ ಸುದ್ದಿ ಸಂಸ್ಥೆ ಹೇಳಿದೆ. ಖಾಸಗಿ ಸಾಲ ಮಾಡುವವರು ತಿಂಗಳ ಕಂತು ಎಷ್ಟೆಂದು ಕೇಳುವುದಕ್ಕಿಂತ ಕೊನೆಯವರೆಗೆ ಒಟ್ಟು ತೆರುವ ಮೊತ್ತ ಎಷ್ಟೆಂದು ಕೇಳಬೇಕು.

ಅಕ್ಕಲಕೋಟ ಸೀಮೆಯ ಆ ತಾಯಿ ಬಿಳಿಯ ಯಂತ್ರವನ್ನು ಮಾರಲಿಲ್ಲ. ಮಾರಿದ್ದರೆ ಅರ್ಧ ಬೆಲೆಯೂ ಬರುತ್ತಿರಲಿಲ್ಲ. ಅದರಲ್ಲಿ ತುಂಡು ಜೋಡಿಸುವುದು, ಕುಪ್ಪಸ ಹೊಲಿಯುವುದು ನಡೆದಿದೆ. ಪದರಗಳಿಗೆ ಸಾಲು ಹಾಕುವುದಕ್ಕೆ ಅತ್ತೆಯ ಕಾಲದ ಕರಿಯ ಯಂತ್ರವನ್ನು ಅಟ್ಟದಿಂದ ಇಳಿಸಿ, ಹೊಸ ಪಟ್ಟಾ ಹಾಕಿಸಿ, ಎಡಕ್ಕೆ ಹಲಗೆ ಜೋಡಿಸಿದ್ದಾರೆ. ಕೌದಿಯನ್ನು ಮೂರು ಪಟ್ಟಿಗಳಾಗಿಯೇ ಹೊಲಿಯುತ್ತಾರೆ. ಹಿಂಬದಿಯ ಕೈಹೊಲಿಗೆ ಅತ್ತೆಯ ಪಾಲಿನದು. ಸಂಜೆ ಆರು ಗಂಟೆಗೆ ಸೂಜಿ ಬಿಚ್ಚಿ, ಹಲಗೆಯನ್ನು ಒರೆಸಿ ಬಿಟ್ಟುಕೊಡಬೇಕು. ಹುಡುಗಿಯ ಗಣಿತದ ಪುಸ್ತಕ ಅದರ ಮೇಲೆ ಬರುತ್ತದೆ.